ಗಾಜಿನ ಕಡಲಲ್ಲಿ ಅರಳುವ ಅಣಬೆ

ಮಳೆಗಾಲದಲ್ಲಿ ಕೊಳೆತ ಮರದ ಬೊಡ್ಡೆಯ ಮೇಲೆ ತಲೆಯೆತ್ತುವ ಅಣಬೆಯನ್ನು ಕಾಣದವರಿಲ್ಲ. ಅದೇ ಆಕಾರದ, ಆದರೆ ಕಿತ್ತಳೆ, ಹಸಿರು, ನೀಲಿ, ನೇರಿಳೆ ಬಣ್ಣಗಳಲ್ಲಿ ಮಿನುಗುವ ಇನ್ನೊಂದು ಅಣಬೆ ಉಷ್ಣವಲಯದ ಕಡಲಿನಲ್ಲಿದೆ. ಹವಳದ ದಿಬ್ಬಗಳ ಬಂಡೆಗೆ ಗಿಡ್ಡ ಕಾಂಡದಿಂದ ಅಂಟಿಕೊಂಡು, ತಟ್ಟೆಯಂತಹ ಮೈಯನ್ನು ಬೆಳಕಿಗೆ ಒಡ್ಡಿಕೊಂಡು ಅದು ಬದುಕುತ್ತದೆ. ಹೆಸರು ಅಣಬೆ ಹವಳ. ಆದರೆ ಇದು ಅಣಬೆಯೂ ಅಲ್ಲ, ಗಿಡವೂ ಅಲ್ಲ. ಬಾಯಿ, ಹೊಟ್ಟೆ, ಕುಟುಕುವ ಕೋಶಗಳು ಎಲ್ಲವೂ ಇರುವ ಪ್ರಾಣಿ!

ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಡುವ ಹವ್ಯಾಸಿಗಳು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ. ಅವರಿಗೆ ಅಣಬೆ ಹವಳ ಬಲು ಅಚ್ಚುಮೆಚ್ಚು. ಇವುಗಳಲ್ಲಿ ಡಿಸ್ಕೊಸೋಮ ಎಂಬ ಬಗೆ ಹೊಸಬರಿಗೆ ಹೇಳಿ ಮಾಡಿಸಿದಂತಹದು. ಸಣ್ಣಪುಟ್ಟ ತಪ್ಪುಗಳನ್ನು ಅದು ಸಹಿಸಿಕೊಳ್ಳುತ್ತದೆ. ಆದರೆ ಪೆಸಿಫಿಕ್ ಸಾಗರದ ರಿಕಾರ್ಡಿಯ ಯೂಮ ಹಾಗಲ್ಲ. ಮೈತುಂಬ ಮುತ್ತು ಪೋಣಿಸಿದಂತೆ ಕಾಣುವ ಈ ಸುಂದರಿ ನಿನ್ನೆ ಚೆನ್ನಾಗಿ ಅರಳಿದ್ದು, ಇಂದು ಮುದುಡಿ, ನಾಳೆ ಲೋಳೆಯಾಗಿ ಕರಗಿಹೋಗುವುದುಂಟು. ಒಂದೇ ಗುಂಪಿನ ಪ್ರಾಣಿಗಳಲ್ಲಿ ಒಂದು ಇಷ್ಟು ಗಟ್ಟಿ, ಇನ್ನೊಂದು ಇಷ್ಟು ನಾಜೂಕು. ನಾಜೂಕಾದುದನ್ನು ಉಳಿಸಿಕೊಳ್ಳುವುದು ಹೇಗೆ?

ದುಬಾರಿ ಉಪಕರಣವಾಗಲಿ, ಬಾಟಲಿಯ ಔಷಧವಾಗಲಿ ಇದಕ್ಕೆ ಉತ್ತರವಲ್ಲ. ಕಡಲು ನಿಧಾನವಾಗಿ ಬದಲಾಗುತ್ತದೆ, ಗಾಜಿನ ತೊಟ್ಟಿ ಗಂಟೆಗೊಮ್ಮೆ ಬದಲಾಗುತ್ತದೆ. ಈ ಒಂದು ವ್ಯತ್ಯಾಸವನ್ನು ಅಳಿಸಿದವನ ಮನೆಯಲ್ಲಿ ಅಣಬೆ ಹವಳ ಬಾಳುತ್ತದೆ.

ಅಸ್ಥಿಪಂಜರವಿಲ್ಲದ ಹವಳ

ಜೀವಶಾಸ್ತ್ರಜ್ಞರು ಈ ಪ್ರಾಣಿಗಳನ್ನು ಕೊರಲಿಮಾರ್ಫ್ ಎಂಬ ಗುಂಪಿಗೆ ಸೇರಿಸಿದ್ದಾರೆ. ದಿಬ್ಬಗಳನ್ನು ಕಟ್ಟುವ ಗಟ್ಟಿ ಹವಳಗಳಿಗೆ ಇವು ಹತ್ತಿರದ ಬಂಧುಗಳು. ಗಟ್ಟಿ ಹವಳ ಕಡಲ ನೀರಿನಿಂದ ಕ್ಯಾಲ್ಸಿಯಂ ಹೀರಿ ತನ್ನ ಕೆಳಗೆ ಸುಣ್ಣದ ಮನೆ ಕಟ್ಟಿಕೊಳ್ಳುತ್ತದೆ. ಅಣಬೆ ಹವಳಕ್ಕೆ ಆ ಮನೆಯಿಲ್ಲ, ಬರೀ ಮಾಂಸದ ಮೈ. ಸುಣ್ಣದ ಅಸ್ಥಿಪಂಜರವಿರುವ ಫಂಜಿಯ ಎಂಬ ಗಟ್ಟಿ ಹವಳವನ್ನೂ ಕೆಲವರು ಅಣಬೆ ಹವಳವೆಂದೇ ಕರೆಯುತ್ತಾರೆ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ.

ಈ ಮೆದು ಮೈಯೊಳಗೆ ಒಂದು ಸಹಬಾಳ್ವೆ ನಡೆದಿದೆ. ಹವಳದ ಜೀವಕೋಶಗಳ ಒಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ಮನೆಮಾಡಿಕೊಂಡಿವೆ. ಪ್ರಾಣಿ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ವಿಸರ್ಜಿಸಿದ ಸಾರಜನಕದ ಕಸ ಪಾಚಿಗೆ ಬೇಕು. ಅದು ಬೆಳಕಿನ ನೆರವಿನಿಂದ ಸಕ್ಕರೆ ತಯಾರಿಸಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಕೊಡುತ್ತದೆ. ಹಗಲಿಡೀ ಅನ್ನ ಬೇಯಿಸುವ ಬಾಡಿಗೆದಾರ! ಹೀಗಾಗಿ ಅಣಬೆ ಹವಳವನ್ನು ಸಾಕುವುದೆಂದರೆ ಒಂದಲ್ಲ, ಎರಡು ಜೀವಿಗಳನ್ನು ಒಟ್ಟಿಗೆ ಸಾಕುವುದು. ಒಂದಕ್ಕೆ ಸುಖವಾದದ್ದು ಇನ್ನೊಂದಕ್ಕೂ ಹಿತವಾಗಿರಬೇಕು.

ಇವುಗಳ ಬಣ್ಣದ ಕಥೆಯೂ ಸ್ವಾರಸ್ಯಕರ. ನೀಲಿ ಬೆಳಕು ಬಿದ್ದಾಗ ಹೊಳೆಯುವ ಪ್ರೋಟೀನುಗಳು ಇವುಗಳ ಮೈಯಲ್ಲಿವೆ. 1999ರಲ್ಲಿ ಮಾಸ್ಕೋದ ವಿಜ್ಞಾನಿಗಳು ಡಿಸ್ಕೊಸೋಮ ಅಣಬೆ ಹವಳದಿಂದ ಕೆಂಪಗೆ ಹೊಳೆಯುವ ಒಂದು ಪ್ರೋಟೀನನ್ನು ಗುರುತಿಸಿ ಪ್ರಕಟಿಸಿದರು. ಅದಕ್ಕೆ ಡಿಎಸ್‌ರೆಡ್ ಎಂದು ಹೆಸರು. ಜೀವಂತ ಕೋಶದೊಳಗೆ ಯಾವ ವಸ್ತು ಎಲ್ಲಿ ಓಡಾಡುತ್ತಿದೆ ಎಂದು ನೋಡಲು ಅದು ಪುಟ್ಟ ಕೆಂಪು ದೀಪವಾಯಿತು. ಹಸಿರು ಹೊಳೆಯುವ ಪ್ರೋಟೀನಿನ ಕೆಲಸಕ್ಕಾಗಿ 2008ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ರಾಜರ್ ಸಿಯೆನ್ ಅವರ ಪ್ರಯೋಗಾಲಯ ಡಿಎಸ್‌ರೆಡ್‌ನಿಂದಲೇ ಇನ್ನಷ್ಟು ಬಣ್ಣಗಳನ್ನು ಹೊರತೆಗೆಯಿತು. ಇಂದು ಕ್ಯಾನ್ಸರ್ ಕೋಶದ ಚಲನೆಯನ್ನು ಬೆನ್ನಟ್ಟುವ ಸಂಶೋಧಕರು ಬಳಸುವ ಕೆಂಪು ಗುರುತಿನ ಹಿಂದೆ ಹಲವು ಬಾರಿ ಈ ಅಣಬೆ ಹವಳದ ವಂಶವೇ ಇರುತ್ತದೆ.

ಬಂಡೆಯೇ ಶುದ್ಧೀಕರಣ ಘಟಕ

ಮನೆಯೊಳಗೆ ಹವಳವನ್ನು ಬದುಕಿಸಲು ಸಾಧ್ಯವೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಇಂಡೊನೇಷ್ಯದ ಜಕಾರ್ತಾದ ಲೀ ಚಿನ್ ಎಂಗ್ ಪ್ರಮುಖರು. 1961ರಲ್ಲಿ ಅಮೆರಿಕದ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಅವರು ತಮ್ಮ ವಿಧಾನವನ್ನು ವಿವರಿಸಿದರು. ಜೀವಿಗಳಿಂದ ತುಂಬಿದ ದಿಬ್ಬದ ಬಂಡೆಗಳು, ಒಂದಿಷ್ಟು ಗಾಳಿಯ ಗುಳ್ಳೆ, ಬಿಸಿಲು. ಇಷ್ಟೇ ಅವರ ಸಲಕರಣೆ.

ಇದು ಹೇಗೆ ಸಾಧ್ಯವಾಯಿತು? ತೊಟ್ಟಿಯಲ್ಲಿ ಉಳಿದ ಆಹಾರ ಮತ್ತು ಜೀವಿಗಳ ಮಲದಿಂದ ಅಮೋನಿಯ ಹುಟ್ಟುತ್ತದೆ. ಅದು ವಿಷ. ಬಂಡೆಯ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಬಂಡೆಯ ಒಳಗಿನ ಆಮ್ಲಜನಕವಿಲ್ಲದ ಸಂದುಗಳಲ್ಲಿ ಮತ್ತೆ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತವೆ.

ಈ ಬ್ಯಾಕ್ಟೀರಿಯಾಗಳು ಬೆಳೆಯುವುದು ಬಹಳ ನಿಧಾನ. ಹೊಸ ತೊಟ್ಟಿಯಲ್ಲಿ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗಿಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟಾದರೆ ಗಟ್ಟಿಮುಟ್ಟಾದ ಡಿಸ್ಕೊಸೋಮವನ್ನು ತರಬಹುದು. ಯೂಮದಂತಹ ನಾಜೂಕು ಜಾತಿಗೆ ಅದೂ ಸಾಲದು. ಆರು ತಿಂಗಳಾದರೂ ಏರಿಳಿತವಿಲ್ಲದೆ ನಡೆದ ತೊಟ್ಟಿಗೆ ಮಾತ್ರ ಅದನ್ನು ಬಿಡುವುದು ಜಾಣತನ. ತಾಳಿದವನು ಬಾಳಿಯಾನು ಎಂಬ ಗಾದೆ ಸಾಕುವವನಿಗೂ ಹವಳಕ್ಕೂ ಒಟ್ಟಿಗೆ ಅನ್ವಯಿಸುತ್ತದೆ.

ಏಳು ಕಿಲೋ ಉಪ್ಪಿನ ಲೆಕ್ಕ

ಹವಳದ ದಿಬ್ಬದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 200 ಲೀಟರಿನ ತೊಟ್ಟಿಯೆಂದರೆ 7 ಕಿಲೋ ಉಪ್ಪು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಸೆಕೆಯ ದಿನಗಳಲ್ಲಿ 10 ಲೀಟರು ನೀರು ಆವಿಯಾಯಿತೆನ್ನಿ. ನೀರು ಹೋಯಿತು, ಉಪ್ಪು ಹೋಗಲಿಲ್ಲ. ಅದೇ 7 ಕಿಲೋ ಉಪ್ಪು ಈಗ 190 ಲೀಟರಿನಲ್ಲಿದೆ. ಲೀಟರಿಗೆ ಸುಮಾರು 36.8 ಗ್ರಾಂ ಆಯಿತು. ಪ್ರತಿ ಸಲವೂ ಕಡಿಮೆಯಾದ ನೀರಿಗೆ ಬದಲಾಗಿ ಉಪ್ಪುನೀರನ್ನೇ ಸುರಿಯುತ್ತ ಹೋದರೆ ತೊಟ್ಟಿಯ ಒಟ್ಟು ಉಪ್ಪು ಏರುತ್ತಲೇ ಹೋಗುತ್ತದೆ. ಆದ್ದರಿಂದ ಆವಿಯಾದದ್ದಕ್ಕೆ ಶುದ್ಧವಾದ ಸಿಹಿನೀರನ್ನೇ, ಅದೂ ದಿನವೂ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. ವಾರಕ್ಕೊಮ್ಮೆ ಒಂದೇ ಸಲ ಹತ್ತು ಲೀಟರು ಸುರಿಯುವುದು ಹವಳದ ಕೋಶಗಳಿಗೆ ಆಘಾತ. ಹೊರಗಿನ ಉಪ್ಪು ಏರಿಳಿದಂತೆಲ್ಲ ಕೋಶದೊಳಗಿನ ನೀರು ಹೊರಕ್ಕೂ ಒಳಕ್ಕೂ ನುಗ್ಗುತ್ತದೆ. ಮೂಳೆಯಾಗಲಿ ಚಿಪ್ಪಾಗಲಿ ಇಲ್ಲದ ಈ ಪ್ರಾಣಿಗೆ ಮೈಯೊಳಗಿನ ನೀರೇ ಆಧಾರ.

ನಲ್ಲಿಯ ನೀರು ಸಲ್ಲದು. ಅದರಲ್ಲಿ ಕ್ಲೋರಿನ್, ಫಾಸ್ಫೇಟ್, ಕೆಲವೊಮ್ಮೆ ಕೊಳವೆಯಿಂದ ಕರಗಿದ ತಾಮ್ರ ಇರಬಹುದು. ತಾಮ್ರದ ಅತ್ಯಲ್ಪ ಅಂಶವೂ ಹವಳ, ಸೀಗಡಿಗಳಂತಹ ಬೆನ್ನೆಲುಬಿಲ್ಲದ ಜೀವಿಗಳಿಗೆ ಮಾರಕ. ಮೀನುಗಳ ಚುಕ್ಕೆ ರೋಗಕ್ಕೆ ಬಳಸುವ ಹಲವು ಔಷಧಗಳಲ್ಲಿ ತಾಮ್ರವಿರುತ್ತದೆ. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ಒಯ್ದು ಔಷಧ ಹಾಕಬೇಕೇ ಹೊರತು ಹವಳದ ತೊಟ್ಟಿಗೆ ಹಾಕುವಂತಿಲ್ಲ.

ಉಳಿದ ಅಳತೆಗಳು ಹೀಗಿರಲಿ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.3, ಕ್ಯಾಲ್ಸಿಯಂ ಲೀಟರಿಗೆ ಸುಮಾರು 400 ಮಿಲಿಗ್ರಾಂ. ರಾತ್ರಿ ದೀಪ ಆರಿದ ಮೇಲೆ ಪಿಎಚ್ ತುಸು ಇಳಿಯುವುದು ಸಹಜ. ಪಾಚಿಗಳ ಅಡುಗೆ ನಿಂತು ಎಲ್ಲ ಜೀವಿಗಳೂ ಇಂಗಾಲದ ಡೈಆಕ್ಸೈಡನ್ನು ಮಾತ್ರ ಬಿಡುತ್ತಿರುತ್ತವೆ. ಅದು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಇದನ್ನು ಕಂಡು ಗಾಬರಿಯಿಂದ ರಾಸಾಯನಿಕ ಸುರಿಯುವವರಿದ್ದಾರೆ. ಬೆಳಗಾದರೆ ತಾನೇ ಸರಿಹೋಗುವುದಕ್ಕೆ ಚಿಕಿತ್ಸೆ ಏಕೆ?

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನೀರು ಎಷ್ಟು ಶುದ್ಧವೋ ಅಷ್ಟು ಒಳ್ಳೆಯದೆಂಬ ನಂಬಿಕೆ ಅಣಬೆ ಹವಳದ ಮಟ್ಟಿಗೆ ನಿಜವಲ್ಲ. ಬಲವಾದ ಶೋಧಕಗಳನ್ನು ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡಿದ ತೊಟ್ಟಿಗಳಲ್ಲಿ ಇವು ಬಿಳಿಚಿ ಕುಗ್ಗುತ್ತವೆ. ಒಳಗಿನ ಪಾಚಿಗೆ ಗೊಬ್ಬರ ಬೇಡವೇ? ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಇವುಗಳಿಗೆ ಹಿತ.

ಒಂದೇ ಒಂದು ಡಿಗ್ರಿ

ಬೇಸಿಗೆಯಲ್ಲಿ ತೊಟ್ಟಿಯ ನೀರು ಒಂದೆರಡು ಡಿಗ್ರಿ ಏರಿದರೆ ಮಹಾ ಏನಾಯಿತು ಎನಿಸಬಹುದು. ಕಡಲಿನ ಅನುಭವ ಬೇರೆ ಹೇಳುತ್ತದೆ. ಒಂದು ಜಾಗದ ಅತಿ ಬೆಚ್ಚನೆಯ ತಿಂಗಳ ಸರಾಸರಿಗಿಂತ ಕಡಲು ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ನಿಂತರೆ ಹವಳಗಳು ಪಾಚಿಗಳನ್ನು ಹೊರದಬ್ಬತೊಡಗುತ್ತವೆ. ಬಿಸಿಯಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆ ಹದ ತಪ್ಪಿ ಹಾನಿಕರ ಆಮ್ಲಜನಕ ರೂಪಗಳು ಹುಟ್ಟುವುದೇ ಇದಕ್ಕೆ ಮುಖ್ಯ ಕಾರಣ. ಪಾಚಿ ಹೋದರೆ ಬಣ್ಣವೂ ಹೋಯಿತು, ಅನ್ನವೂ ಹೋಯಿತು. ಇದನ್ನೇ ಹವಳದ ಬಿಳಿಚುವಿಕೆ ಎನ್ನುವುದು. ನಮ್ಮ ಲಕ್ಷದ್ವೀಪದ ದಿಬ್ಬಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿದವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳಿಚುವಿಕೆಯನ್ನು ಘೋಷಿಸಿದರು.

ತೊಟ್ಟಿಯಲ್ಲೂ ನಡೆಯುವುದು ಇದೇ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಮಡಕೆ ನೀರನ್ನು ತಂಪಾಗಿಸುವ ತತ್ವದಲ್ಲಿಯೇ ಉಷ್ಣತೆಯನ್ನು ಇಳಿಸುತ್ತದೆ. ಆವಿಯಾದ ನೀರನ್ನು ತುಂಬುವುದನ್ನು ಮಾತ್ರ ಮರೆಯಬಾರದು. ವಿದ್ಯುತ್ ಹೋದಾಗ ಪಂಪು ನಿಲ್ಲುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಯಂತ್ರವೊಂದು ಆಗ ಇಡೀ ತೊಟ್ಟಿಯ ಪ್ರಾಣ ಉಳಿಸಬಲ್ಲದು.

ನೆರಳಿನ ಜೀವಿ

ಉಷ್ಣವಲಯದ ನಡುಹಗಲಿನ ಬಿಸಿಲು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2,000 ಮೈಕ್ರೊಮೋಲ್ ಬೆಳಕಿನ ಕಣಗಳನ್ನು ಸುರಿಸುತ್ತದೆ. ಅಣಬೆ ಹವಳಗಳಲ್ಲಿ ಬಹುಪಾಲಿಗೆ 50ರಿಂದ 100 ಸಾಕು. ಬಂಡೆಯ ಮಗ್ಗುಲು, ಕಲ್ಲಿನ ನೆರಳು, ತೊಟ್ಟಿಯ ತಳ ಇವುಗಳ ಜಾಗ. ಪ್ರಖರವಾದ ಎಲ್‌ಇಡಿ ದೀಪದ ಕೆಳಗೆ ನೇರವಾಗಿ ಇಟ್ಟರೆ ಮೊದಲು ಅಂಚು ಮುದುಡುತ್ತದೆ, ಆಮೇಲೆ ಬಣ್ಣ ತೆಳುವಾಗುತ್ತದೆ. ಬೆಳಕು ಕಡಿಮೆಯಾದರೆ ಇದಕ್ಕೆ ತದ್ವಿರುದ್ಧ. ಕಾಂಡವನ್ನು ಉದ್ದಕ್ಕೆ ಚಾಚಿ, ತಟ್ಟೆಯನ್ನು ಅಗಲಿಸಿ ಬೆಳಕಿಗಾಗಿ ಹಂಬಲಿಸುತ್ತದೆ. ಮಾತು ಬಾರದ ಪ್ರಾಣಿ ಆಕಾರದಿಂದಲೇ ಮಾತಾಡುತ್ತದೆ, ನೋಡುವ ಕಣ್ಣಿರಬೇಕಷ್ಟೆ.

ನೀರಿನ ಸೆಳೆತವೂ ಮೆಲ್ಲಗಿರಬೇಕು. ಮೈ ಸಣ್ಣಗೆ ಅಲುಗಿದರೆ ಸರಿ, ಮಡಚಿಕೊಂಡರೆ ಸೆಳೆತ ಹೆಚ್ಚಾಯಿತೆಂದು ತಿಳಿಯಬೇಕು. ಹೊಸದಾಗಿ ತಂದ ಬಿಡಿ ಹವಳವನ್ನು ಅಂಟಿನಿಂದ ಕಲ್ಲಿಗೆ ಹಚ್ಚುವುದು ವ್ಯರ್ಥ. ಅದು ಲೋಳೆ ಸುರಿಸಿ ಜಾರಿಕೊಳ್ಳುತ್ತದೆ. ಸಣ್ಣ ಬಟ್ಟಲಿನಲ್ಲಿ ಕಲ್ಲಿನ ಚೂರುಗಳನ್ನು ಹರಡಿ, ಅದರ ಮೇಲೆ ಹವಳವನ್ನಿಟ್ಟು, ಬಾಯಿಗೆ ಬಲೆ ಕಟ್ಟಿ ಸೆಳೆತವಿಲ್ಲದ ಮೂಲೆಯಲ್ಲಿ ಒಂದೆರಡು ವಾರ ಬಿಟ್ಟರೆ ತಾನೇ ಒಂದು ಚೂರನ್ನು ಹಿಡಿದುಕೊಳ್ಳುತ್ತದೆ.

ಆಹಾರ? ಬೇಕಾದುದರ ಬಹುಪಾಲು ಪಾಚಿಯಿಂದಲೇ ಬರುತ್ತದೆ. ವಾರಕ್ಕೊಮ್ಮೆ ನುಣ್ಣಗೆ ಹೆಚ್ಚಿದ ಸೀಗಡಿಯ ಚೂರು ಸಿಕ್ಕಿದರೆ ಅದು ಹಬ್ಬದೂಟ. ಅತಿಯಾದರೆ ಅಮೃತವೂ ವಿಷ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯವಾಗುತ್ತದೆ. ಆದರೆ ಇವನ್ನೆಲ್ಲ ಸಾಧುಪ್ರಾಣಿಗಳೆಂದು ತಿಳಿಯಬೇಕಿಲ್ಲ. ಆನೆಕಿವಿ ಎಂದು ಹವ್ಯಾಸಿಗಳು ಕರೆಯುವ ಆಂಪ್ಲೆಕ್ಸಿಡಿಸ್ಕಸ್ ಎಂಬ ಭಾರಿ ಅಣಬೆ ಹವಳ ತನ್ನ ಮೇಲೆ ವಿಶ್ರಮಿಸುವ ಸಣ್ಣ ಮೀನನ್ನು ಚೀಲದ ಬಾಯಿ ಬಿಗಿದಂತೆ ಮುಚ್ಚಿ ನುಂಗಿಬಿಡುತ್ತದೆ!

ಕೊಳ್ಳುವ ಮುನ್ನ, ಕತ್ತರಿಸುವ ಮುನ್ನ

ಯೂಮ ಜಾತಿ ಕರಗಿಹೋಗುವುದರಲ್ಲಿ ಪ್ರಯಾಣದ ಪಾಲು ದೊಡ್ಡದು. ಬಂಡೆಯಿಂದ ಕಿತ್ತಾಗ ಕಾಲಿಗೆ ಗಾಯವಾಗುತ್ತದೆ. ಮುಚ್ಚಿದ ಚೀಲದಲ್ಲಿ ಸಾವಿರಾರು ಮೈಲಿ ಸಾಗುವಾಗ ನೀರು ಕೆಡುತ್ತದೆ. ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿದರೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಆದ್ದರಿಂದ ಕಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡು ಅಂಗಡಿಯಲ್ಲಿ ಕೆಲವು ವಾರ ಬಾಳಿದ, ಬಾಯಿ ಮುಚ್ಚಿಕೊಂಡಿರುವ ಪ್ರಾಣಿಯನ್ನೇ ಆರಿಸಬೇಕು. ಬಾಯಿ ತೆರೆದುಕೊಂಡು ಒಳಗಿನ ಎಳೆಗಳು ಹೊರಚಾಚಿದ್ದರೆ ಬಣ್ಣಕ್ಕೆ ಮರುಳಾಗಬಾರದು. ಮನೆಗೆ ತಂದ ಮೇಲೆ ತೊಟ್ಟಿಯ ನೀರನ್ನು ತೆಳು ಕೊಳವೆಯಿಂದ ಹನಿಹನಿಯಾಗಿ ಅರ್ಧದಿಂದ ಒಂದು ಗಂಟೆ ಬೆರೆಸಿ ಹೊಂದಿಸಬೇಕು. ಕರಗತೊಡಗಿದ ಹವಳವನ್ನು ಕೂಡಲೇ ಹೊರತೆಗೆಯಬೇಕು, ಇಲ್ಲವಾದರೆ ಅದು ನೆರೆಯವರನ್ನೂ ಕೆಡಿಸುತ್ತದೆ.

ಕತ್ತರಿಸಿ ಎರಡು ಮಾಡುವ ಸಾಹಸ ಹಲವರದು. 1740ರ ದಶಕದಲ್ಲಿ ಹಾಲೆಂಡಿನ ಹೇಗ್ ಬಳಿ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲಿ ಎಂಬ ಉಪಾಧ್ಯಾಯರು ಕೊಳದ ಹೈಡ್ರಾವನ್ನು ಕತ್ತರಿಸಿದರು. ಪ್ರತಿ ತುಂಡೂ ಪೂರ್ಣ ಪ್ರಾಣಿಯಾಗಿ ಬೆಳೆದುದನ್ನು ಕಂಡು ಯುರೋಪೇ ಬೆರಗಾಯಿತು. ಹೈಡ್ರಾದ ದೂರದ ನೆಂಟನಾದ ಅಣಬೆ ಹವಳಕ್ಕೂ ಆ ಶಕ್ತಿಯಿದೆ. ಡಿಸ್ಕೊಸೋಮವನ್ನು ಬಾಯಿಯ ನಡುವೆ ಹರಿತವಾದ ಬ್ಲೇಡಿನಿಂದ ಎರಡಾಗಿಸಿದರೆ ಕೆಲವು ವಾರಗಳಲ್ಲಿ ಎರಡೂ ದುಂಡಗಾಗುತ್ತವೆ. ಯೂಮಕ್ಕೆ ಮಾತ್ರ ಕತ್ತಿ ತಾಗಿಸದಿರುವುದೇ ಲೇಸು. ಹಿತವಾದ ನೀರಿನಲ್ಲಿ ಬಹುಪಾಲು ಅಣಬೆ ಹವಳಗಳು ತಾವಾಗಿಯೇ ಎರಡಾಗುತ್ತವೆ, ಇಲ್ಲವೇ ಜಾರುವಾಗ ಕಾಲಿನ ಚೂರೊಂದನ್ನು ಕಲ್ಲಿನ ಮೇಲೆ ಬಿಟ್ಟು ಹೋಗುತ್ತವೆ. ಆ ಚೂರೇ ಮರಿ. ಹೀಗೆ ಮನೆಯಲ್ಲಿ ಹುಟ್ಟಿದ ಮರಿ ಹವ್ಯಾಸಿಯಿಂದ ಹವ್ಯಾಸಿಗೆ ಹೋದರೆ ಕಡಲಿನಿಂದ ಒಂದು ಹವಳ ಕೀಳುವುದು ತಪ್ಪುತ್ತದೆ. ಅಂತಹ ಮರಿ ತೊಟ್ಟಿಯ ಬದುಕಿಗೆ ಮೊದಲೇ ಒಗ್ಗಿರುವುದರಿಂದ ಬಾಳುವ ಸಂಭವವೂ ಹೆಚ್ಚು.

ಪಾಲ್ಮೈರಾ ಹೇಳಿದ ಪಾಠ

ನಾಜೂಕಿನ ಮಾತಿಗೆ ಇನ್ನೊಂದು ಮಗ್ಗುಲಿದೆ. ಪೆಸಿಫಿಕ್ ಸಾಗರದ ನಡುವಿನ ಪಾಲ್ಮೈರಾ ಹವಳದ್ವೀಪದಲ್ಲಿ 1991ರಲ್ಲಿ ಮೀನುಗಾರಿಕೆಯ ಹಡಗೊಂದು ದಿಬ್ಬಕ್ಕೆ ಬಡಿದು ಅಲ್ಲೇ ಉಳಿಯಿತು. ವರ್ಷಗಳು ಕಳೆದಂತೆ ರೊಡ್ಯಾಕ್ಟಿಸ್ ಎಂಬ ಅಣಬೆ ಹವಳ ಹಡಗಿನ ಸುತ್ತ ಹಬ್ಬಿ ಗಟ್ಟಿ ಹವಳಗಳನ್ನು ಮುಚ್ಚಿಹಾಕಿತು. 2008ರಲ್ಲಿ ವಿಜ್ಞಾನಿಗಳು ಈ ಆಕ್ರಮಣದ ವಿವರ ಪ್ರಕಟಿಸಿದರು. ತುಕ್ಕು ಹಿಡಿದ ಹಡಗಿನಿಂದ ಕರಗಿದ ಕಬ್ಬಿಣವೇ ಅದಕ್ಕೆ ಗೊಬ್ಬರವಾಗಿರಬೇಕೆಂದು ಅವರ ಊಹೆ. 2013-14ರ ವೇಳೆಗೆ ಹಡಗಿನ ಅವಶೇಷವನ್ನು ತೆಗೆದುಹಾಕಲಾಯಿತು. ತೊಟ್ಟಿಯಲ್ಲಿ ಅಂಗೈಯಗಲ ಜಾಗಕ್ಕೆ ಪರದಾಡುವ ಗುಂಪಿನ ಪ್ರಾಣಿಯೇ, ಸಮತೋಲ ತಪ್ಪಿದ ಕಡಲಿನಲ್ಲಿ ಇಡೀ ದಿಬ್ಬವನ್ನು ನುಂಗಿತು. ಆದ್ದರಿಂದಲೇ ಸಾಕಿ ಬೇಸರವಾದ ಯಾವ ಹವಳವನ್ನೂ, ಕಲ್ಲನ್ನೂ ಸಮುದ್ರಕ್ಕೆ ಬಿಡಕೂಡದು.

ಸಮುದ್ರದಿಂದ ತರುವುದಕ್ಕೂ ಅಡ್ಡಿಯಿದೆ. ಭಾರತದಲ್ಲಿ 2001ರಿಂದ ದಿಬ್ಬ ಕಟ್ಟುವ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿವೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಅಣಬೆ ಹವಳ ಕುಳಿತ ದಿಬ್ಬದ ಕಲ್ಲು ಅನೇಕ ವೇಳೆ ಗಟ್ಟಿ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗು ಹಾಕುವವರು ಅಲ್ಲಿನ ಹವಳವನ್ನು ಕಣ್ತುಂಬ ನೋಡಬಹುದು, ಚೂರನ್ನೂ ಮುರಿದು ತರುವಂತಿಲ್ಲ. ತೊಟ್ಟಿಗೆ ಬೇಕಾದ ಬಂಡೆಯನ್ನು ಕುಂಬಾರಿಕೆಯ ಮಣ್ಣಿನಿಂದಲೂ ಮಾಡಬಹುದು. ಬ್ಯಾಕ್ಟೀರಿಯಾಗಳಿಗೆ ಬೇಕಾದುದು ಸಂದುಗೊಂದುಗಳೇ ಹೊರತು ಕಡಲಿನ ಕಲ್ಲಲ್ಲ.

ದಿನವೂ ಒಂದು ಲೋಟ ಸಿಹಿನೀರು, ವಾರಕ್ಕೊಮ್ಮೆ ಅಳತೆ, ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರಿನ ಬದಲಾವಣೆ, ಉಳಿದ ಹೊತ್ತಿನಲ್ಲಿ ಕೈಯನ್ನು ತೊಟ್ಟಿಯ ಹೊರಗೇ ಇಟ್ಟುಕೊಳ್ಳುವುದು. ಯೂಮ ಹವಳದ ಆರೈಕೆ ಇಷ್ಟೆ. ಆದರೆ ಇದನ್ನು ಒಂದು ದಿನವೂ ತಪ್ಪಿಸದೆ ವರ್ಷಗಟ್ಟಲೆ ಮಾಡುವ ತಾಳ್ಮೆ ತನಗಿದೆಯೇ ಎಂದು ಹಣ ಎಣಿಸಿ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಇಲ್ಲವೆಂದಾದರೆ ಡಿಸ್ಕೊಸೋಮವಿದೆ, ಬಣ್ಣದ ಮೀನುಗಳಿವೆ. ಯೂಮ ಕಡಲಿನಲ್ಲಿಯೇ ಇರಲಿ.